ಸೂಕ್ಷ್ಮ ಎಂದರೆ ಯಾವುದಕ್ಕೆ, ಎಷ್ಟು?

ನನ್ನ ತಂಗಿಗೆ ಸ್ವಲ್ಪ ಗದರಿದರೂ ಕಣ್ಣೀರು. ‘ಬಹುತ್ ಹಸ್ಸಾಸ್ ಹೈ’ ಎಂದು ಅಮ್ಮಿ ನಮ್ಮನ್ನೇ ಬೈಯುತ್ತಾರೆ. ಇಂಗ್ಲಿಷಿನಲ್ಲಿ ಅದೇ ಸೆನ್ಸಿಟಿವ್. ಆದರೆ ಅರ್ಥಶಾಸ್ತ್ರದ ತರಗತಿಯಲ್ಲಿ ಈ ಪದಕ್ಕೆ ಕಣ್ಣೀರಿಲ್ಲ, ಬರೀ ಲೆಕ್ಕ. ಬೆಲೆ ಶೇ. 10ರಷ್ಟು ಏರಿದಾಗ ಬೇಡಿಕೆ ಶೇ. 20ರಷ್ಟು ಇಳಿದರೆ ಸ್ಥಿತಿಸ್ಥಾಪಕತ್ವ 2 (ಮೈನಸ್ ಚಿಹ್ನೆ ಬಿಟ್ಟು). ಉಪ್ಪಿನದು ಸೊನ್ನೆಯ ಹತ್ತಿರ; ಬೆಲೆ ಏರಿತೆಂದು ಯಾರೂ ಸಪ್ಪೆ ಸಾರು ಉಣ್ಣುವುದಿಲ್ಲ.

ಮುಂಬೈ ಷೇರುಪೇಟೆಯ ಸೆನ್ಸೆಕ್ಸ್ ಕೂಡ ‘ಸೆನ್ಸಿಟಿವ್ ಇಂಡೆಕ್ಸ್’ ಎಂಬುದರಿಂದಲೇ ಬಂದ ಹೆಸರು. 1986ರಲ್ಲಿ ಶುರುವಾದ, 30 ಕಂಪನಿಗಳ ಸೂಚ್ಯಂಕ. ಒಂದು ಸುದ್ದಿ ಬಂದರೆ ಸಾಕು, ಬೀಳುತ್ತದೆ, ಏಳುತ್ತದೆ. ಹಾಗೆಂದು ಅದನ್ನು ಯಾರೂ ‘ಪಾಪ, ಮೃದು ಮನಸ್ಸು’ ಎನ್ನುವುದಿಲ್ಲ. ಅಲ್ಲಿ ಅದು ದೌರ್ಬಲ್ಯವಲ್ಲ, ಅದರ ಕೆಲಸವೇ ಅದು.

ಕನ್ನಡದಲ್ಲಿ ಸೆನ್ಸಿಟಿವ್‌ಗೆ ‘ಸೂಕ್ಷ್ಮ’ ಎನ್ನುತ್ತೇವೆ. ಹಬ್ಬದ ಮೆರವಣಿಗೆ ಇರಲಿ, ಚುನಾವಣೆ ಇರಲಿ, ಪತ್ರಿಕೆಯಲ್ಲಿ ನಮ್ಮ ಮೊಹಲ್ಲಾ ‘ಸೂಕ್ಷ್ಮ ಪ್ರದೇಶ’. ಇದು ಯಾವ ಸೂಕ್ಷ್ಮ? ಬೇಗ ನೋಯುವ ಜಾಗವೋ, ಬೇಗ ಸಿಡಿಯುವ ಜಾಗವೋ? ಲೆಕ್ಕದಲ್ಲಾದರೆ ಯಾವುದು ಎಷ್ಟು ಬದಲಾದರೆ ಯಾವುದು ಎಷ್ಟು ಬದಲಾಗುತ್ತದೆ ಎಂದು ಬರೆಯಲೇಬೇಕು, ಇಲ್ಲದಿದ್ದರೆ ಅಂಕ ಸಿಗುವುದಿಲ್ಲ. ಸುದ್ದಿಯಲ್ಲಿ ಬರೀ ಹೆಸರಿರುತ್ತದೆ. ಆ ದಿನ ನಾನು ಬ್ಯಾರಿಕೇಡ್ ಬಳಸಿಕೊಂಡು ಟ್ಯೂಷನ್‌ಗೆ ಹೋಗುತ್ತೇನೆ. ಅಬ್ಬಾ ಅಂಗಡಿಯ ಶಟರ್ ಅರ್ಧಕ್ಕೆ ಎಳೆದಿರುತ್ತಾರೆ, ವ್ಯಾಪಾರ ಅರ್ಧವೂ ಆಗುವುದಿಲ್ಲ.