ತಲೆಕೆಳಗಾದ ಕಾಮನಬಿಲ್ಲು

ಬಿ.ಎಸ್‌ಸಿ. ಮುಗಿಸಿ ದೆಹಲಿಯಲ್ಲಿ ಕೇಂದ್ರ ಸರ್ಕಾರದ ಗುಮಾಸ್ತನಾದವನಿಗೆ ಗಣಿತವೆಂದರೆ ತುಟ್ಟಿಭತ್ಯದ ಲೆಕ್ಕ, ಅಷ್ಟೆ. ರೇಡಿಯನ್ ಎಂಬ ಶಬ್ದ ಕಿವಿಗೆ ಬಿದ್ದು ಇಪ್ಪತ್ತು ವರ್ಷಗಳಾಗಿದ್ದುವು. ಅದು ಮತ್ತೆ ಮನೆಯೊಳಕ್ಕೆ ಬಂದದ್ದು ಮಗಳ ಕಂಪ್ಯೂಟರಿನ ಮೂಲಕ.

ಹತ್ತನೆಯ ತರಗತಿಯ ಹುಡುಗಿ ಜಾವಾಸ್ಕ್ರಿಪ್ಟಿನ ‘ಕ್ಯಾನ್ವಾಸ್’ ಮೇಲೆ ಕಾಮನಬಿಲ್ಲು ಬರೆಯಹೊರಟಿದ್ದಳು. ಕಂಸಕ್ಕೆ ಕೇಂದ್ರ, ತ್ರಿಜ್ಯ, ಆರಂಭದ ಕೋನ, ಕೊನೆಯ ಕೋನ ಇಷ್ಟು ಕೊಟ್ಟರಾಯಿತು. ಅವಳು ಸೊನ್ನೆಯಿಂದ 180 ಎಂದು ಕೊಟ್ಟಳು. ಬಿಲ್ಲಿನ ಬದಲು ಪೂರ್ತಿ ಬಳೆಯೇ ಮೂಡಿತು! “ಅಪ್ಪಾ, ನನಗೆ ಗಣಿತ ತಲೆಗೆ ಹತ್ತೋದಿಲ್ಲ. ಹನ್ನೊಂದನೇ ಕ್ಲಾಸಿಗೆ ಅದನ್ನ ತಗೊಳ್ಳೋದೇ ಇಲ್ಲ” ಎಂದಳು.

ಆ ಮಾತು ನನ್ನನ್ನು ಕುರ್ಚಿಯಿಂದ ಎಬ್ಬಿಸಿತು. ನಿಯಮಾವಳಿ ಓದುವುದೇ ಹೊಟ್ಟೆಪಾಡಾದವನು ನಾನು. ಆ ಆಜ್ಞೆಯ ನಿಯಮವನ್ನೂ ಓದಿದೆ. ಅಲ್ಲಿ ಕೋನಗಳೆಲ್ಲ ರೇಡಿಯನ್ನಿನಲ್ಲಿ. ಒಂದು ರೇಡಿಯನ್ ಸುಮಾರು 57.3 ಡಿಗ್ರಿ. 180 ರೇಡಿಯನ್ ಎಂದರೆ ಇಪ್ಪತ್ತೆಂಟು ಸುತ್ತಿಗೂ ಹೆಚ್ಚು. ಒಂದು ಸುತ್ತು ತುಂಬಿತೆಂದರೆ ಅದು ಪೂರ್ಣವೃತ್ತವನ್ನೇ ಬರೆಯುತ್ತದೆ. 180ರ ಜಾಗಕ್ಕೆ ‘ಪೈ’ ಹಾಕಿಸಿದೆ. ಅರ್ಧವೃತ್ತವೇನೋ ಬಂತು, ಆದರೆ ಬಾಣಲೆಯ ಹಾಗೆ ಕೆಳಕ್ಕೆ ಬಾಗಿ!

ಅದಕ್ಕೂ ಕಾರಣವುಂಟು. ಗ್ರಾಫ್ ಕಾಗದದಲ್ಲಿ ವೈ ಅಕ್ಷ ಮೇಲಕ್ಕೇರುತ್ತದೆ. ಪರದೆಯಲ್ಲಿ ಎಣಿಕೆ ಎಡ ಮೇಲ್ಮೂಲೆಯಿಂದ ಕೆಳಕ್ಕಿಳಿಯುತ್ತದೆ, ಹಳೆಯ ಟಿ.ವಿ. ಕೊಳವೆಯಲ್ಲಿ ಎಲೆಕ್ಟ್ರಾನ್ ಕಿರಣ ಗೆರೆಗೆರೆಯಾಗಿ ಇಳಿಯುತ್ತಿದ್ದುದೂ ಹೀಗೆಯೇ. ಅಕ್ಷ ತಲೆಕೆಳಗಾದ ಮೇಲೆ ಕೋನವೂ ಪ್ರದಕ್ಷಿಣವಾಗಿ ಬೆಳೆಯುತ್ತದೆ. ಅಪ್ರದಕ್ಷಿಣವಾಗಿ ಸುತ್ತಲೆಂದು ಕೊನೆಯಲ್ಲಿ ‘ಟ್ರೂ’ ಎಂಬ ಪದ ಸೇರಿಸಿದಳು. ಬಿಲ್ಲು ಎದ್ದು ನಿಂತಿತು.

ಜಾವಾ ಭಾಷೆಯ ‘ಡ್ರಾಆರ್ಕ್’ನದು ಇನ್ನೊಂದು ರೀತಿ. ಅಲ್ಲಿ ಡಿಗ್ರಿ ನಡೆಯುತ್ತದೆ, ಸುತ್ತು ಅಪ್ರದಕ್ಷಿಣ. ಆದರೆ ಕೊನೆಯ ಸಂಖ್ಯೆ ನಿಲ್ಲುವ ಜಾಗವಲ್ಲ, ಸಾಗಬೇಕಾದ ದೂರ. 90, 180 ಎಂದು ಕೊಟ್ಟರೆ ಬರುವುದು ಕಾಲುವೃತ್ತವಲ್ಲ, ಅರ್ಧವೃತ್ತ.

ಉತ್ತರಕ್ಕೆ ಬಂದು ನೆಲಸಿದ ಕನ್ನಡಿಗರಿಗೆ ಇದರಲ್ಲಿ ಹೊಸದೇನಿದೆ? ನಮ್ಮ ಶಿವರಾತ್ರಿ ಮಾಘ ಮಾಸದ್ದು, ಇಲ್ಲಿಯವರದು ಫಾಲ್ಗುಣದ್ದು. ನಮ್ಮ ತಿಂಗಳು ಅಮಾವಾಸ್ಯೆಗೆ ಮುಗಿದರೆ ಅವರದು ಹುಣ್ಣಿಮೆಗೆ. ರಾತ್ರಿ ಒಂದೇ, ಜಾಗರಣೆಯೂ ಒಂದೇ. ಎಣಿಕೆ ಮಾತ್ರ ಬೇರೆ. ಎಷ್ಟೋ ಮಕ್ಕಳು ತಮಗೆ ಬುದ್ಧಿಯಿಲ್ಲವೆಂದು ತೀರ್ಮಾನಿಸಿ ಪುಸ್ತಕ ಮುಚ್ಚುವುದು ಎಣಿಕೆ ಬೇರೆಯಾದಲ್ಲಿಯೇ. ಅವರ ಲೆಕ್ಕ ತಪ್ಪೆನ್ನುವ ಮುನ್ನ, ಎಲ್ಲಿಂದ ಎಣಿಸಲು ಹೊರಟರೆಂದು ಹಿರಿಯರಾದ ನಾವು ಒಮ್ಮೆ ಕೇಳುವುದು ಒಳ್ಳೆಯದು.