"ಈಗ" ಮತ್ತು "ಮುಂದೆ"

ತಂಗಿಯ ಬಾಣಂತನಕ್ಕೆಂದು 2024ರ ಈದ್ ಮುಗಿಸಿಕೊಂಡು ನಾನು ಅಮೆರಿಕಕ್ಕೆ ಹೋಗಿದ್ದೆ. ಅಮ್ಮಿಗೆ ಮಂಡಿ ನೋವು, ಅಷ್ಟು ದೂರದ ಪ್ರಯಾಣ ಆಗದು. ನನ್ನ ಶಾಲೆಗೆ ಬೇಸಿಗೆ ರಜೆ ಇದ್ದುದರಿಂದ ಆ ಹೊಣೆ ನನ್ನ ಪಾಲಿಗೆ ಬಂತು. ತಂಗಿಯ ಮನೆ ಇರುವುದು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ. ನಮ್ಮ ಕಡೆಯ ಸಾಫ್ಟ್‌ವೇರ್ ಮಂದಿ ಬಹಳಷ್ಟು ನೆಲೆಸಿರುವ ಊರು ಅದು.

ಅವಳ ಹಿರಿಯ ಮಗನಿಗೆ ಹನ್ನೆರಡು ವರ್ಷ. ಅವನಿಗೆ ಕ್ರಿಕೆಟ್ ಗೊತ್ತಿಲ್ಲ, ಬೇಸ್‌ಬಾಲ್ ಎಂದರೆ ಪ್ರಾಣ. "ಖಾಲಾ, ಒಂದು ದಿನವಾದರೂ ನನ್ನ ಜೊತೆ ಮ್ಯಾಚ್ ನೋಡಲು ಬನ್ನಿ" ಎಂದು ಬೆನ್ನು ಬಿದ್ದ. ಮೇ ತಿಂಗಳ ಒಂದು ಸಂಜೆ ಅಸರ್ ನಮಾಝ್ ಮುಗಿಸಿ ಅವನೊಂದಿಗೆ, ಅವನ ತಂದೆಯೊಂದಿಗೆ ಹೊರಟೆ. ಆಟ ನೋಡುವುದಕ್ಕಿಂತ ಹುಡುಗನ ಮನಸ್ಸು ನೋಯಿಸಬಾರದು ಎಂಬುದಷ್ಟೇ ನನ್ನ ಉದ್ದೇಶವಾಗಿತ್ತು.

ಅದು 1942ರಲ್ಲಿ ತೆರೆದ ಹಳೆಯ, ಸಣ್ಣ ಕ್ರೀಡಾಂಗಣ. ಮಕ್ಕಳನ್ನು ಕಟ್ಟಿಕೊಂಡು ಬಂದ ಸಂಸಾರಗಳೇ ಹೆಚ್ಚು. ಅಲ್ಲಿ ಸುಡುತ್ತಿದ್ದ ಮಾಂಸ ನಮಗೆ ಹಲಾಲ್ ಅಲ್ಲವಾದ್ದರಿಂದ ಪಾಪ್‌ಕಾರ್ನ್ ಹಿಡಿದು ಕುಳಿತೆವು. ಆಡುತ್ತಿದ್ದ ತಂಡದ ಹೆಸರು ಸ್ಯಾನ್ ಹೋಸೆ ಜೈಂಟ್ಸ್. ಅಮೆರಿಕದ ಬೇಸ್‌ಬಾಲ್‌ನಲ್ಲಿ ದೊಡ್ಡ ತಂಡಗಳು 30. ಪ್ರತಿಯೊಂದರ ಕೆಳಗೂ ಏಣಿಯ ಮೆಟ್ಟಿಲುಗಳಂತೆ ನಾಲ್ಕು ಕಿರಿಯ ತಂಡಗಳಿವೆ. ಹೀಗೆ ಒಟ್ಟು 120 ತಂಡಗಳು. ಇದಕ್ಕೆ ಮೈನರ್ ಲೀಗ್ ಎನ್ನುತ್ತಾರೆ. ನಾವು ನೋಡುತ್ತಿದ್ದುದು ಸ್ಯಾನ್ ಫ್ರಾನ್ಸಿಸ್ಕೋ ಜೈಂಟ್ಸ್‌ನ ಆ ನಾಲ್ಕರಲ್ಲಿ ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲು.

ಮೈದಾನದಲ್ಲಿದ್ದವರನ್ನು ನೋಡಿ ನನಗೆ ನಮ್ಮ ಕಾಲೇಜು ಹುಡುಗರ ನೆನಪಾಯಿತು. ಅನೇಕರಿಗೆ ಹತ್ತೊಂಬತ್ತು, ಇಪ್ಪತ್ತು ವರ್ಷ. ಇಂಥ ತಂಡಗಳಿಗೆ ಡೊಮಿನಿಕನ್ ಗಣರಾಜ್ಯ, ವೆನೆಝುವೆಲಾದಂತಹ ದೇಶಗಳಿಂದ ಹದಿನಾರನೇ ವಯಸ್ಸಿಗೇ ಕರಾರಿಗೆ ಸಹಿ ಹಾಕಿ, ತಾಯಿಯನ್ನು ಬಿಟ್ಟು, ಭಾಷೆ ಬಾರದ ಊರಿಗೆ ಬಂದವರೂ ಇರುತ್ತಾರೆ. ಈ ಮೆಟ್ಟಿಲಿನ ಆಟಗಾರರಿಗೆ 2022ರ ತನಕ ವರ್ಷಕ್ಕೆ ಸಿಗುತ್ತಿದ್ದುದು ಸುಮಾರು 11,000 ಡಾಲರ್. ಅಮೆರಿಕದ ಖರ್ಚಿಗೆ ಅದು ಏನೇನೂ ಅಲ್ಲ. ಆಟಗಾರರು ಸಂಘ ಕಟ್ಟಿಕೊಂಡ ಮೇಲೆ 2023ರ ಒಪ್ಪಂದದಲ್ಲಿ ಅದು 26,200ಕ್ಕೆ ಏರಿತು. ಇವರಲ್ಲಿ ಬಹುತೇಕರು ದೊಡ್ಡ ತಂಡವನ್ನು ಎಂದೂ ಮುಟ್ಟುವುದಿಲ್ಲ ಎಂದ ಭಾವ. ಆ ಮಕ್ಕಳ ತಾಯಂದಿರನ್ನು ನೆನೆದು ಕರುಳು ಚುರ್ರೆಂದಿತು.

ನಮ್ಮಿಂದ ಸ್ವಲ್ಪ ಮುಂದೆ ಒಬ್ಬ ವಯಸ್ಸಾದ ಮನುಷ್ಯ ಕುಳಿತಿದ್ದರು. ಚಪ್ಪಾಳೆ ಇಲ್ಲ, ಕೂಗಾಟ ಇಲ್ಲ. ಕೈಯಲ್ಲಿ ಚೆಂಡಿನ ವೇಗ ಅಳೆಯುವ ಯಂತ್ರ, ತೊಡೆಯ ಮೇಲೊಂದು ನೋಟ್‌ಪುಸ್ತಕ. "ಅವರು ಸ್ಕೌಟ್, ಖಾಲಾ. ಯಾವ ಹುಡುಗ ಮೇಲೆ ಬರುತ್ತಾನೆ ಎಂದು ನೋಡುವುದೇ ಅವರ ಕೆಲಸ" ಎಂದು ಹುಡುಗ ಪಿಸುಗುಟ್ಟಿದ. ನಾನು ಮದ್ರಸಾದಲ್ಲಿ ಓದಿ, ಆಮೇಲೆ ಬಿ.ಎ. ಮಾಡಿ, ಇಪ್ಪತ್ತು ವರ್ಷಗಳಿಂದ ಮಕ್ಕಳ ಉತ್ತರಪತ್ರಿಕೆ ತಿದ್ದುತ್ತಾ ಬಂದವಳು. ಅಂಕ ಹಾಕುವವರನ್ನು ಕಂಡರೆ ನನಗೆ ಸಹಜವಾಗಿಯೇ ಕುತೂಹಲ. "ಹೇಗೆ ಅಂಕ ಹಾಕುತ್ತಾರೆ?" ಎಂದು ಕೇಳಿದೆ.

ಅವನು ಉತ್ಸಾಹದಿಂದ ವಿವರಿಸಿದ. ಬ್ಯಾಟ್ ಬೀಸುವ ಹುಡುಗನಲ್ಲಿ ಐದು ಗುಣಗಳನ್ನು ನೋಡುತ್ತಾರೆ: ಚೆಂಡಿಗೆ ಬ್ಯಾಟ್ ತಾಗಿಸುವುದು, ಹೊಡೆತದ ಬಲ, ಓಟ, ಚೆಂಡು ಹಿಡಿಯುವುದು, ಎಸೆಯುವ ತೋಳು. ಪ್ರತಿಯೊಂದಕ್ಕೂ 20ರಿಂದ 80ರ ತನಕ ಅಂಕ. ದೊಡ್ಡ ತಂಡದ ಸಾಧಾರಣ ಆಟಗಾರನ ಮಟ್ಟ 50. ನನ್ನನ್ನು ತಡೆದು ನಿಲ್ಲಿಸಿದ್ದು ಅವನ ಮುಂದಿನ ಮಾತು.

"ಪ್ರತಿ ಗುಣಕ್ಕೂ ಎರಡು ಅಂಕ ಇರುತ್ತದೆ ಖಾಲಾ. ಒಂದು 'ಈಗ', ಇನ್ನೊಂದು 'ಮುಂದೆ'. ಈಗ 30 ಇರುವವನು ಮುಂದೆ 55 ಆಗಬಹುದು ಎಂದು ಬರೆಯುತ್ತಾರೆ."

ನಮ್ಮ ಪ್ರಗತಿಪತ್ರದಲ್ಲಿ 'ಈಗ' ಮಾತ್ರ ಇದೆಯಲ್ಲ ಎಂದುಕೊಂಡೆ.

ಅಷ್ಟರಲ್ಲಿ ಒಬ್ಬ ಆಟಗಾರ ಚೆಂಡನ್ನು ದೂರಕ್ಕಟ್ಟಿದ. ಜನ ಎದ್ದು ನಿಂತು ಕೂಗಿದರು. ಆ ವೃದ್ಧರು ತಲೆ ಎತ್ತದೆ ಏನೋ ಗುರುತು ಹಾಕಿಕೊಂಡರು. "ಅವನಿಗೆ ಇಪ್ಪತ್ಮೂರು ವರ್ಷ. ಇಲ್ಲಿ ಎಲ್ಲರಿಗಿಂತ ದೊಡ್ಡವನು, ಚೆನ್ನಾಗಿ ಆಡಲೇಬೇಕು" ಎಂದ ಹುಡುಗ. ನಂತರ ಬಂದ ಎಳೆಯ ಹುಡುಗ ಮೂರು ಸಲ ಬೀಸಿ, ಮೂರೂ ತಪ್ಪಿ ಹೊರಟುಹೋದ. "ಇವನು ಹದಿನೆಂಟರವನು ಖಾಲಾ. ತನಗಿಂತ ಮೂರು ನಾಲ್ಕು ವರ್ಷ ದೊಡ್ಡವರ ಎದುರು ಆಡುತ್ತಿದ್ದಾನೆ. ಅಂಕ ನೋಡುವ ಮೊದಲು ವಯಸ್ಸು ನೋಡಬೇಕು."

ಪಾಪ್‌ಕಾರ್ನ್ ನನ್ನ ಗಂಟಲಲ್ಲೇ ನಿಂತಿತು. ಏಳು ವರ್ಷಗಳ ಹಿಂದಿನ ಒಂದು ಮುಖ ಕಣ್ಣೆದುರು ಬಂತು.

ನನ್ನ ತರಗತಿಯಲ್ಲಿ ಅಕ್ಕ ತಂಗಿಯರಿಬ್ಬರು ಒಟ್ಟಿಗೆ ಓದುತ್ತಿದ್ದರು. ಒಬ್ಬಳನ್ನೇ ಕಳುಹಿಸಲು ಹೆದರಿ, ಹೆತ್ತವರು ಚಿಕ್ಕವಳನ್ನೂ ಅಕ್ಕನ ಜೊತೆಗೇ ಒಂದನೇ ತರಗತಿಗೆ ಸೇರಿಸಿದ್ದರು. ಎಂಟನೇ ತರಗತಿಗೆ ಬಂದಾಗ ಅಕ್ಕನಿಗೆ ಒಳ್ಳೆಯ ಅಂಕ, ತಂಗಿಗೆ ಗಣಿತದಲ್ಲಿ ಹನ್ನೊಂದು. ಪಾಲಕರ ಸಭೆಯಲ್ಲಿ ಅವರ ತಂದೆಗೆ ನಾನೇ ಹೇಳಿದೆ: "ದೊಡ್ಡವಳನ್ನು ಎಷ್ಟು ಬೇಕಾದರೂ ಓದಿಸಿ. ಚಿಕ್ಕವಳ ತಲೆಗೆ ಇದು ಹತ್ತುವುದಿಲ್ಲ." ಅವಳು ಉಳಿದವರಿಗಿಂತ ಒಂದೂವರೆ ವರ್ಷ ಚಿಕ್ಕವಳೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಮರುವರ್ಷ ಅವಳು ಶಾಲೆಗೆ ಬರಲಿಲ್ಲ. "ಟೀಚರೇ ಹೇಳಿದ ಮೇಲೆ ಇನ್ನೇನು?" ಎಂದರಂತೆ ತಂದೆ. ಹದಿನೆಂಟು ತುಂಬುತ್ತಲೇ ಮದುವೆಯೂ ಆಯಿತು.

ಆ ರಾತ್ರಿ ಭಾವನೊಂದಿಗೆ ಇದೇ ಮಾತು ಮುಂದುವರಿಯಿತು. ಇಷ್ಟೆಲ್ಲ ಅಳತೆ ಮಾಡಿಯೂ ತಜ್ಞರು ಎಡವುತ್ತಾರೆ ಎಂದರು ಅವರು. ಮೈಕ್ ಪಿಯಾಝಾ ಎಂಬವರನ್ನು 1988ರ ಆಯ್ಕೆಯಲ್ಲಿ ಯಾರೂ ಕೇಳುವವರಿರಲಿಲ್ಲ. ಅವರ ತಂದೆಯ ಸ್ನೇಹಿತರೊಬ್ಬರ ಮಾತಿಗೆ 62ನೇ ಸುತ್ತಿನಲ್ಲಿ, 1,390ನೆಯವರಾಗಿ ಸೇರಿಸಿಕೊಂಡರು. ಅವರು ಮುಂದೆ ದೊಡ್ಡ ತಂಡಗಳಲ್ಲಿ 427 ಹೋಮ್‌ರನ್ ಹೊಡೆದು, 2016ರಲ್ಲಿ ಆಟದ ಅತ್ಯುನ್ನತ ಗೌರವವಾದ ಹಾಲ್ ಆಫ್ ಫೇಮ್ ಸೇರಿದರು. ಅದೇ 1991ರಲ್ಲಿ ಇಡೀ ದೇಶಕ್ಕೆ ಮೊದಲಿಗನಾಗಿ, 15.5 ಲಕ್ಷ ಡಾಲರ್ ಪಡೆದು ಆಯ್ಕೆಯಾದ ಬ್ರಯನ್ ಟೇಲರ್ ಭುಜಕ್ಕೆ ಪೆಟ್ಟಾಗಿ ದೊಡ್ಡ ತಂಡಕ್ಕೆ ಒಮ್ಮೆಯೂ ಆಡಲಿಲ್ಲ.

ನಮ್ಮ ದೇಶದವರ ಕಥೆಯೂ ಇದೆ. 2008ರಲ್ಲಿ ಭಾರತದಲ್ಲಿ ಚೆಂಡೆಸೆತದ ಸ್ಪರ್ಧೆಯೊಂದು ನಡೆದು, ಉತ್ತರ ಪ್ರದೇಶದ ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್ ಆಯ್ಕೆಯಾದರು. ಈ ಜಾವೆಲಿನ್ ಎಸೆತಗಾರರು ಅದುವರೆಗೆ ಬೇಸ್‌ಬಾಲ್ ಆಡಿದವರೇ ಅಲ್ಲ. ಪಿಟ್ಸ್‌ಬರ್ಗ್ ಪೈರೇಟ್ಸ್ ಅವರನ್ನು ಸೇರಿಸಿಕೊಂಡಿತು, 2009ರಲ್ಲಿ ಅದರ ಕೆಳಗಿನ ತಂಡದಲ್ಲಿ ಆಡಿದರು. ದಿನೇಶ್ 2010ರಲ್ಲಿ ಊರಿಗೆ ಮರಳಿದರು. ರಿಂಕು ಇನ್ನೂ ಕೆಲವು ಮೆಟ್ಟಿಲು ಹತ್ತಿ, ಗಾಯಗಳಿಂದಾಗಿ ನಿಂತರು. 2014ರಲ್ಲಿ ಇವರ ಮೇಲೆ ಸಿನಿಮಾ ಕೂಡ ಬಂತು.

"ಹಾಗಾದರೆ ಈ ಅಂಕಗಳಿಂದ ಏನು ಪ್ರಯೋಜನ?" ಎಂದು ಕೇಳಿದೆ.

"ಅವರು ಒಮ್ಮೆ ಬರೆದು ಪುಸ್ತಕ ಮುಚ್ಚುವುದಿಲ್ಲ ಆಪಾ" ಎಂದರು ಭಾವ. "ಮತ್ತೆ ಮತ್ತೆ ಬಂದು ನೋಡುತ್ತಾರೆ. ಔಟಾದ ಹುಡುಗ ಮರುಸಲ ಹೇಗೆ ನಿಲ್ಲುತ್ತಾನೆ, ಕೆಟ್ಟ ಚೆಂಡನ್ನು ಹೊಡೆಯದೆ ಬಿಡುವ ತಾಳ್ಮೆ ಬಂತೇ, ಹೇಳಿಕೊಟ್ಟದ್ದನ್ನು ಕಲಿತನೇ ಎಂದು ಗಮನಿಸುತ್ತಾರೆ. ಹಳೆಯ ಅಂಕ ಹೊಡೆದುಹಾಕಿ ಹೊಸದು ಬರೆಯುತ್ತಾರೆ."

ಆಟದ ಆ ಲೋಕದಲ್ಲಿ ಹಣದ ಲೆಕ್ಕಾಚಾರವಿದೆ. ಬೇಡವಾದವನನ್ನು ಒಂದೇ ದಿನದಲ್ಲಿ ಮನೆಗೆ ಕಳುಹಿಸುತ್ತಾರೆ. ಅದನ್ನು ನಾನು ಮೆಚ್ಚಲಾರೆ. ಆದರೆ ಲಾಭಕ್ಕಾಗಿ ನೋಡುವವರೇ ಒಬ್ಬ ಹುಡುಗನ 'ಮುಂದೆ'ಯ ಬಗ್ಗೆ ಅಷ್ಟು ಯೋಚಿಸುವಾಗ, ನಾನು ಒಂದು ಮಗುವಿನ ಬಗ್ಗೆ ಒಂದೇ ವಾಕ್ಯದಲ್ಲಿ ತೀರ್ಪು ಕೊಟ್ಟೆನಲ್ಲ!

ಊರಿಗೆ ಮರಳಿದ ಮೇಲೆ ಅವಳ ಮನೆ ಹುಡುಕಿಕೊಂಡು ಹೋದೆ. ಹತ್ತೊಂಬತ್ತರ ಹುಡುಗಿ, ಮಡಿಲಲ್ಲಿ ಮೂರು ತಿಂಗಳ ಕೂಸು. "ಟೀಚರ್, ನೀವಾ!" ಎಂದು ಎದ್ದು ಕುರ್ಚಿ ಹಾಕಿದಳು. ಚಹಾ ತಂದಳು. ಗೋಡೆಗೆ ಅಂಟಿಸಿದ್ದ ಹಾಳೆಯಲ್ಲಿ ಹಾಲಿನ ಲೆಕ್ಕ, ಚೀಟಿಯ ಲೆಕ್ಕ, ಅವಳು ಹೊಲಿದು ಕೊಟ್ಟ ರವಿಕೆಗಳ ಲೆಕ್ಕ ಅಚ್ಚುಕಟ್ಟಾಗಿ ಬರೆದಿತ್ತು. ಒಂದು ಪೈಸೆಯ ತಪ್ಪಿಲ್ಲ. ಗಣಿತ ತಲೆಗೆ ಹತ್ತುವುದಿಲ್ಲ ಎಂದು ನಾನು ಹೇಳಿದ್ದ ಹುಡುಗಿಯ ಲೆಕ್ಕ ಅದು.

"ಅಂದು ನಾನು ಹೇಳಿದ್ದು ತಪ್ಪು ಮಗಳೇ" ಎಂದೆ. ಅವಳು ತಲೆ ತಗ್ಗಿಸಿದಳು. ಸ್ವಲ್ಪ ಹೊತ್ತು ಬಿಟ್ಟು, "ನನಗೂ ಹಾಗೇ ಅನಿಸಿಬಿಟ್ಟಿತ್ತು ಟೀಚರ್" ಎಂದಳು. ಆ ಮಾತು ಇಂದಿಗೂ ನನ್ನನ್ನು ಚುಚ್ಚುತ್ತದೆ.

ಖಾಸಗಿ ಅಭ್ಯರ್ಥಿಯಾಗಿ ಎಸ್ಸೆಸ್ಸೆಲ್ಸಿ ಬರೆಯಬಹುದೆಂದು ಅವಳಿಗೂ ಗಂಡನಿಗೂ ವಿವರಿಸಿದೆ. ಆತ ಬೇಡವೆನ್ನಲಿಲ್ಲ. ಭಾನುವಾರ ಮಧ್ಯಾಹ್ನ ಕೂಸನ್ನು ಅತ್ತೆಯ ಬಳಿ ಬಿಟ್ಟು ನನ್ನಲ್ಲಿಗೆ ಬರತೊಡಗಿದಳು. ಕೆಲವು ವಾರ ಬರಲಾಗುವುದಿಲ್ಲ, ಕೂಸಿಗೆ ಜ್ವರ, ಮನೆಗೆ ನೆಂಟರು. ಪಾಸಾಗುತ್ತಾಳೋ ಇಲ್ಲವೋ, ಈ ಸಲ ನಾನು ಮೊದಲೇ ಹೇಳಲು ಹೋಗುವುದಿಲ್ಲ.

ಪ್ರಗತಿಪತ್ರ ಬರೆಯುವಾಗ ಈಗ ಪ್ರತಿ ಮಗುವಿನ ಹುಟ್ಟಿದ ತಿಂಗಳನ್ನು ನೋಡುತ್ತೇನೆ. ಅಂಚಿನಲ್ಲಿ ಪೆನ್ಸಿಲ್‌ನಿಂದ 'ಮುಂದೆ' ಎಂದು ಬರೆದು ಒಂದು ಸಾಲು ಸೇರಿಸುತ್ತೇನೆ. ನಮ್ಮ ಮನೆಗಳಲ್ಲೂ ಅಕ್ಕನೊಂದಿಗೆ ತಂಗಿಯನ್ನು, ನೆರೆಮನೆಯ ಹುಡುಗನೊಂದಿಗೆ ನಮ್ಮ ಮಗನನ್ನು ಹೋಲಿಸುವುದು ದಿನನಿತ್ಯದ ಮಾತು. ಹಾಗೆ ನಾಲಿಗೆಯ ತುದಿಗೆ ಬಂದಾಗ ಒಂದು ಕ್ಷಣ ತಡೆಯೋಣ. ನಮ್ಮ ಮಾತನ್ನು ಮಕ್ಕಳು ನಂಬಿಬಿಡುತ್ತಾರೆ.