ಭಾಗವತರಿಗೆ ಕೆಮ್ಮು ಬಂದ ರಾತ್ರಿ

ಅಡಿಕೆ ಸುಲಿಯುವ ರಾತ್ರಿಗಳಲ್ಲಿ ಹಾಡು ಬೇಕೇ ಬೇಕು. ಇಲ್ಲದಿದ್ದರೆ ಹತ್ತು ಗಂಟೆಗೆಲ್ಲ ಕಣ್ಣು ಎಳೆಯಲು ಶುರುವಾಗುತ್ತದೆ, ಮೆಟ್ಟುಗತ್ತಿಯ ಮುಂದೆ ಕೂತು ತೂಕಡಿಸಿದರೆ ಬೆರಳಿಗೇ ಸಂಚಕಾರ. ಕೊಪ್ಪದ ಕಡೆಯ ನಮ್ಮೂರಲ್ಲಿ ಕೊಯ್ಲು ಬಂತೆಂದರೆ ಅಕ್ಕಪಕ್ಕದವರೆಲ್ಲ ಊಟ ಮುಗಿಸಿಕೊಂಡು ಇವತ್ತು ಒಬ್ಬರ ಮನೆ ಜಗಲಿ, ನಾಳೆ ಇನ್ನೊಬ್ಬರ ಮನೆ ಜಗಲಿ ಅಂತ ಸೇರುತ್ತಿದ್ದರು. ಹೊರಗೆ ಹಂಚಿನ ಮೇಲಿಂದ ಇಬ್ಬನಿ ತೊಟ್ಟಿಕ್ಕುವ ಸದ್ದು, ಒಳಗೆ ಕತ್ತಿಗಳ ಕಟಕಟ. ನಡುರಾತ್ರಿಗೆ ಒಂದು ಸುತ್ತು ಬೆಲ್ಲದ ಕಾಫಿ. ಜೊತೆಗೆ ಕೆಂಡದಲ್ಲಿ ಸುಟ್ಟ ಹಲಸಿನ ಹಪ್ಪಳ, ಮೇಲೆ ಒಂದಿಷ್ಟು ಕೊಬ್ಬರಿ ಎಣ್ಣೆ ಸವರಿದ್ದು. ಹಾಡು ಹೇಳುವ ಹೆಂಗಸರಿದ್ದರು, ಯಕ್ಷಗಾನದ ಪದ ಎತ್ತುವ ಗಂಡಸರಿದ್ದರು. ಆಮೇಲೆ ಟೇಪ್ ರೆಕಾರ್ಡರ್ ಬಂತು.

ನಮ್ಮನೆಗೆ ಅದನ್ನು ತಂದವನು ದೊಡ್ಡಪ್ಪನ ಮಗ, ಬೊಂಬಾಯಿಯ ಹೋಟೆಲೊಂದರಲ್ಲಿ ಗಲ್ಲಾದ ಮೇಲೆ ಕೂರುತ್ತಿದ್ದ ಅಣ್ಣ. ರಜಕ್ಕೆ ಬಂದವನ ಚೀಲದಲ್ಲಿ ನಾಲ್ಕೋ ಐದೋ ಕ್ಯಾಸೆಟ್ ಇದ್ದವು. ಬೇರೆಯವು ಯಾವುವೋ ಮರೆತಿದ್ದೇನೆ, ಒಂದು ಮಾತ್ರ ಬೋನಿ ಎಂ ತಂಡದ್ದು. ಮೇಲಿನ ಕಾಗದದಲ್ಲಿ ಮೂವರು ಹೆಂಗಸರು, ಒಬ್ಬ ಗಂಡಸು, ಎಲ್ಲರದ್ದೂ ಮಿರಮಿರ ಮಿಂಚುವ ಬಟ್ಟೆ. ಅಜ್ಜಿ ಅದನ್ನು ದೀಪದ ಹತ್ತಿರ ಹಿಡಿದು ಬಹಳ ಹೊತ್ತು ನೋಡಿ, "ಯಾವ ಮೇಳದವರಾ ಇವರು?" ಅಂತ ಕೇಳಿದರು. "ಜರ್ಮನಿ ಮೇಳ, ಅಜ್ಜಿ" ಅಂದ ಅಣ್ಣ. ಅಜ್ಜಿಗೆ ಅಷ್ಟು ಸಾಕಾಯಿತು. ಆ ವರ್ಷದ ಅಡಿಕೆಯೆಲ್ಲ ಜರ್ಮನಿ ಮೇಳದ ಹಾಡಿಗೇ ಸುಲಿದು ಮುಗಿಯಿತು. ಒಂದಕ್ಷರ ಅರ್ಥವಾಗದಿದ್ದರೂ ತಾಳ ಎಲ್ಲರಿಗೂ ಗೊತ್ತಾಗಿತ್ತು.

ಶಾಲೆಯ ವಾರ್ಷಿಕೋತ್ಸವ ಬರುತ್ತಿದ್ದುದೂ ಅದೇ ಚಳಿಯಲ್ಲಿ. ಕ್ಯಾಸೆಟ್ ಹಾಕಿ ಕುಣಿಯುವುದಕ್ಕೆ ನಮ್ಮಲ್ಲಿ ರೆಕಾರ್ಡ್ ಡ್ಯಾನ್ಸ್ ಅಂತ ಹೆಸರು. ಅದರಲ್ಲಿ ಹಾಡಿಗೆ ಸರಿಯಾಗಿ ಬಾಯಿ ಆಡಿಸುವವರಿಗೆ ಬೇರೆಯೇ ಮರ್ಯಾದೆ. ಶಂಕರ್‌ನಾಗ್ ಅವರ 'ಗೀತಾ' ಬಂದದ್ದು 1981ರಲ್ಲಿ, ಇಳಯರಾಜ ಸಂಗೀತ. ಅದರ ಕುಣಿಯುವ ಹಾಡಿಲ್ಲದ ವಾರ್ಷಿಕೋತ್ಸವವನ್ನು ನಾನು ನೋಡಿಲ್ಲ. ರಟ್ಟಿನಲ್ಲಿ ಕತ್ತರಿಸಿದ ಗಿಟಾರು ಅಣ್ಣನಿಂದ ತಮ್ಮನಿಗೆ ದಾಟಿ ಬರುತ್ತಿತ್ತು. 1987ರಲ್ಲಿ 'ಪ್ರೇಮಲೋಕ' ಬಂತಲ್ಲ, ಆಗ ಊರಿಗೆ ಊರೇ ಹಂಸಲೇಖರ ಹಾಡಿನಲ್ಲಿ ಮಾತಾಡುತ್ತಿತ್ತು. ಪೇಟೆಯ ಬಸ್‌ಸ್ಟ್ಯಾಂಡಿನ ಕ್ಯಾಸೆಟ್ ಅಂಗಡಿಯಲ್ಲಿ ಬೆಳಿಗ್ಗೆಯಿಂದ ಸಂಜೆವರೆಗೆ ಅದೇ. ಬಸ್ಸು ಹೊರಟರೂ ಜನ ಹಾಡು ಮುಗಿಸಿಕೊಂಡು ಓಡಿ ಹತ್ತುತ್ತಿದ್ದರು.

ನಾನು ಹೇಳಹೊರಟದ್ದು ಅದರ ಮಾರನೇ ವರ್ಷದ ಮಾತು. ಎಂಟನೇ ಕ್ಲಾಸೋ ಒಂಬತ್ತೋ, ಒಟ್ಟಿನಲ್ಲಿ ನಮಗಿನ್ನೂ ಮೀಸೆ ಬಂದಿರಲಿಲ್ಲ. ಹೆಡ್ಮೇಷ್ಟ್ರು ಮಾತು ಕಡಿಮೆಯ ಮನುಷ್ಯ. ಯೋಚನೆ ಬಂದರೆ ನಶ್ಯದ ಡಬ್ಬಿ ತೆಗೆಯುತ್ತಿದ್ದರು, ತೀರ್ಮಾನ ಆದ ಮೇಲೆ ಅದನ್ನು ಮುಚ್ಚುತ್ತಿದ್ದರು. ಆ ವರ್ಷ ಡಬ್ಬಿ ಮುಚ್ಚಿ ಅವರು ಹೇಳಿದ್ದಿಷ್ಟು: ಪ್ರೇಮದ ಹಾಡು ಬೇಡ. ನಮ್ಮ ಶಾಲೆಯ ರೆಕಾರ್ಡ್ ಡ್ಯಾನ್ಸಿನ ಅರ್ಧ ಪಟ್ಟಿ ಅಲ್ಲಿಗೇ ಹರಿಯಿತು.

ಆಗ ನನ್ನ ಗೆಳೆಯ ಬೋನಿ ಎಂ ಹೆಸರೆತ್ತಿದ. ಅವನು ನಮ್ಮ ಮನೆಯ ಸುಲಿತಕ್ಕೆ ದಿನಾ ಬರುತ್ತಿದ್ದವನು. ಹಾಡಲು ಬಾಯಿ ತೆರೆದರೆ ಶ್ರುತಿಯ ಹತ್ತಿರವೂ ಸುಳಿಯದ ಗಂಟಲು, ಆದರೆ ಕೈಕಾಲಿನಲ್ಲಿ ತಾಳ ಹುಟ್ಟಿನಿಂದಲೇ ಬಂದಿತ್ತು. 'ರಾಸ್ಪುಟಿನ್' ಹಾಡನ್ನೇ ಮಾಡೋಣ, ಅದರಲ್ಲಿ ಗಡ್ಡ ಕಟ್ಟಬಹುದು ಅಂದ. ಡ್ರಿಲ್ ಮೇಷ್ಟ್ರು ಜೇಬಿನಿಂದ ಹುರಿಗಡಲೆ ತೆಗೆದು ಬಾಯಿಗೆ ಹಾಕಿಕೊಂಡು, "ಯಾರಾ ಅವನು?" ಅಂದರು. ಪ್ರಶ್ನೆ ಸಮಾಜದ ಮೇಷ್ಟ್ರ ಹತ್ತಿರ ಹೋಯಿತು. ಅವರಿಗೆ ಪಾಠಕ್ಕಿಂತ ಪಾಠದ ಪಕ್ಕದ ಕಥೆಗಳಲ್ಲೇ ಪ್ರೀತಿ. ಒಂದು ಇಡೀ ಪೀರಿಯಡ್ ನಿಂತು ಹೇಳಿದರು: ಸೈಬೀರಿಯದ ರೈತರ ಮನೆಯಲ್ಲಿ ಹುಟ್ಟಿದ ಸಾಧು, ರಷ್ಯಾದ ಕೊನೆಯ ತ್ಸಾರ್ ನಿಕೊಲಾಸನ ಮಗನಿಗೆ ರಕ್ತ ಹೆಪ್ಪುಗಟ್ಟದ ಕಾಯಿಲೆ, ಪ್ರಾರ್ಥನೆಯಿಂದ ವಾಸಿ ಮಾಡುತ್ತಾನೆಂದು ರಾಣಿ ಅವನನ್ನು ನಂಬಿದ್ದು, ಕೊನೆಗೆ 1916ರಲ್ಲಿ ಅರಮನೆಯ ಕಡೆಯವರೇ ಅವನನ್ನು ಕೊಂದದ್ದು. ಇಡೀ ಕ್ಲಾಸು ಉಸಿರು ಬಿಗಿಹಿಡಿದು ಕೇಳಿತು. ಹೆಡ್ಮೇಷ್ಟ್ರಿಗೆ ವರದಿ ಹೋಯಿತು: ಹಾಡು ಚರಿತ್ರೆಯದ್ದು, ನಾಯಕ ಗಡ್ಡದ ಸಾಧು. ನಶ್ಯದ ಡಬ್ಬಿ ಮುಚ್ಚಿತು, ಅಪ್ಪಣೆ ಸಿಕ್ಕಿತು. 1978ರ ಡಿಸೆಂಬರಿನಲ್ಲಿ ಬೋನಿ ಎಂ ತಂಡ ಮಾಸ್ಕೋಗೇ ಹೋಗಿ ಕಾರ್ಯಕ್ರಮ ಕೊಟ್ಟಿತ್ತು, ಆದರೆ ಅಲ್ಲಿಯ ಸರ್ಕಾರ ಈ ಒಂದು ಹಾಡಿಗೆ ಒಪ್ಪಿರಲಿಲ್ಲ ಅಂತ ನಾನು ಎಷ್ಟೋ ವರ್ಷಗಳ ಮೇಲೆ ಓದಿದೆ. ಮಾಸ್ಕೋದಲ್ಲಿ ದಕ್ಕದ್ದು ನಮಗೆ ಒಂದೇ ದಿನದಲ್ಲಿ ದಕ್ಕಿತ್ತು.

ಹಾಡಿನ ಮಾತು ಬರೆದುಕೊಳ್ಳುವ ಕೆಲಸ ನನ್ನ ಪಾಲಿಗೆ ಬಂತು. ರಫ್ ನೋಟ್‌ಬುಕ್ಕಿನಲ್ಲಿ, ಕನ್ನಡ ಅಕ್ಷರದಲ್ಲಿ. ಒಂದು ಸಾಲು ಕೇಳು, ನಿಲ್ಲಿಸು, ಹಿಂದಕ್ಕೆ ಸುತ್ತು, ಮತ್ತೆ ಕೇಳು. ಗುಂಡಿ ಒತ್ತಿ ಒತ್ತಿ ರೀಲು ಸಡಿಲವಾಗಿ ಒಳಗೆ ಸಿಕ್ಕಿಕೊಂಡರೆ ಪೆನ್ಸಿಲ್ ತೂರಿಸಿ ಉಸಿರು ಬಿಡದೆ ಸುತ್ತಬೇಕು. ಬೊಂಬಾಯಿ ಅಣ್ಣನಿಗೂ ಎಲ್ಲ ಮಾತು ತಿಳಿಯುತ್ತಿರಲಿಲ್ಲ. ಒಂದು ಸಾಲಂತೂ ನಾಲ್ವರಿಗೆ ಮೂರು ತೆರನಾಗಿ ಕೇಳಿಸಿ, ಕೊನೆಗೆ ಜಗಲಿಯಲ್ಲಿದ್ದವರನ್ನೆಲ್ಲ ಕೇಳಿ, ಹೆಚ್ಚು ಜನ ಒಪ್ಪಿದ್ದನ್ನೇ ಬರೆದುಕೊಂಡೆವು.

ಗೆಳೆಯ ಆ ನೋಟ್‌ಬುಕ್ ತೆಗೆದುಕೊಂಡು ಹೋಗಿ ಮಾರನೇ ದಿನ ತಂದಾಗ ಅದರ ತುಂಬ ಕೆಂಪು ಪೆನ್ಸಿಲಿನ ಸುತ್ತುಗಳಿದ್ದವು. ಎಲ್ಲೆಲ್ಲಿ ಪ, ಬ, ಮ ಇದೆಯೋ ಅಲ್ಲೆಲ್ಲ ಒಂದೊಂದು ಸುತ್ತು. "ತುಟಿ ಮುಚ್ಚದು ಇಲ್ಲಿ ಮಾತ್ರ ಮಾರಾಯ. ಇದೊಂದು ತಪ್ಪದಿದ್ರೆ ಸಾಕು. ಬಾಕಿದಕ್ಕೆ ಬಾಯಿ ತೆರೆದಿದ್ರೆ ಆತು, ದೂರದಿಂದ ಯಾರಿಗೂ ಗೊತ್ತಾಗದಿಲ್ಲ." ಕನ್ನಡಿ ಮುಂದೆ ನಿಂತು ಅವನೇ ಕಂಡುಕೊಂಡದ್ದು ಅದು. ವ್ಯಾಕರಣದ ಪುಸ್ತಕದಲ್ಲಿ ಪ ವರ್ಗ ಅಂತ ಬಾಯಿಪಾಠ ಮಾಡಿದ್ದೆವು ನಾವೆಲ್ಲ. ಅದರಿಂದ ಇಂಥದ್ದೊಂದು ಕೆಲಸ ತೆಗೆಯಬಹುದೆಂದು ನಮಗ್ಯಾರಿಗೂ ಹೊಳೆದಿರಲಿಲ್ಲ. ಈಗಲೂ ಟೀವಿಯಲ್ಲಿ ಯಾರಾದರೂ ಬಾಯಿ ಆಡಿಸುತ್ತಿದ್ದರೆ ನನ್ನ ಕಣ್ಣು ಮೊದಲು ಹೋಗುವುದು ಪ, ಬ, ಮಗಳ ಮೇಲೇ.

ಮೂವರು ಹೆಂಗಸರಾಗಿ ನಿಂತದ್ದು ನಾನು ಮತ್ತು ಇನ್ನಿಬ್ಬರು ಹುಡುಗರು. ಹುಡುಗ ಹುಡುಗಿಯರು ಒಟ್ಟಿಗೆ ಕುಣಿಯುವ ಪದ್ಧತಿ ಶಾಲೆಯಲ್ಲಿರಲಿಲ್ಲ. ನಮ್ಮ ಕಡೆ ಸ್ತ್ರೀವೇಷ ಹೊಸದೂ ಅಲ್ಲ. ಅಕ್ಕಂದಿರ ಲಂಗಗಳಿಗೆ ಬೇಗಡೆ ಕಾಗದ ಕತ್ತರಿಸಿ ಅಂಟಿಸಿದೆವು. ಅಂಟು ಅಂದರೆ ಮೈದಾ ಗಂಜಿ. ಚಳಿಗೆ ಅದು ಒಣಗದೆ ಹಿಂದಿನ ರಾತ್ರಿಯೆಲ್ಲ ಲಂಗಗಳನ್ನು ಒಲೆಯ ಮೇಲಿನ ಅಟ್ಟದಲ್ಲಿ ಹರವಿದ್ದರು, ನಮ್ಮ ಮೈಯೆಲ್ಲ ಹೊಗೆ ವಾಸನೆ. ಗೆಳೆಯನಿಗೆ ಅವನ ಚಿಕ್ಕಪ್ಪನ ಹಳೇ ಬೆಲ್‌ಬಾಟಂ. ಗಡ್ಡ ತೆಂಗಿನ ನಾರಿನದ್ದು, ದೀಪದ ಮಸಿ ಹಚ್ಚಿ ಕಪ್ಪು ಮಾಡಿದ್ದು. ಕಟ್ಟಲು ಬಂದವರು ಒಂದು ಕಾಲಕ್ಕೆ ಮೇಳದಲ್ಲಿ ಬಣ್ಣದ ವೇಷ ಮಾಡುತ್ತಿದ್ದ ಹಿರಿಯರು. ದಾರವನ್ನು ಕಿವಿಗೆ ಸಿಕ್ಕಿಸಲು ಹೋದವನ ಕೈ ತಡೆದು, ನೆತ್ತಿಯ ಮೇಲಿಂದ ಎಳೆದು ಬಿಗಿದರು. "ಕಿವಿಗೆ ಕಟ್ಟಿದ್ದು ಕುಣಿತಕ್ಕೆ ನಿಲ್ಲದಿಲ್ಲ ಮಗಾ" ಅಂದರು.

ಆ ರಾತ್ರಿಯ ಚಳಿ ಇನ್ನೂ ನೆನಪಿದೆ. ಮೈದಾನದಲ್ಲಿ ಕಂಬಳಿ ಹೊದ್ದು ಕೂತ ಜನ, ಮಂಕಿ ಟೋಪಿಗಳು, ಹಿಂದೆ ಕಲ್ಲೊಲೆಯ ಮೇಲೆ ಉಪ್ಪಿಟ್ಟಿಗೆ ಹುರಿಯುತ್ತಿದ್ದ ರವೆಯ ಘಮ. ಬಣ್ಣ ಹಾಳಾಗುತ್ತದೆಂದು ವೇಷ ಹಾಕಿದವರಿಗೆ ತಿಂಡಿ ಆಮೇಲೆ. ಹೊಟ್ಟೆ ತಾಳ ಹಾಕುತ್ತಿತ್ತು. ಮೈಕ್‌ಸೆಟ್ಟಿನ ಸಾಬರು ಟೇಪ್ ರೆಕಾರ್ಡರನ್ನು ಒಂದು ಸ್ಟೂಲಿನ ಮೇಲಿಟ್ಟು, ಅದರ ಬಾಯಿಗೆ ಮೈಕು ಹಿಡಿಸಿ, ಮಂಜು ಬೀಳದಂತೆ ಮೇಲೊಂದು ಟವೆಲ್ ಹೊದೆಸಿದ್ದರು. ಅವರಿಗೆ ಪ್ರತಿ ಶಾಲೆಯ ಪ್ರತಿ ಹಾಡೂ ಗೊತ್ತು. ಯಾವ ಮಗು ಎಲ್ಲಿ ತಪ್ಪುತ್ತದೆ ಅನ್ನುವುದೂ ಗೊತ್ತು.

ಪರದೆ ಸರಿಯಿತು. ಮೊದಲು ಡ್ರಮ್ಮಿನ ಸದ್ದು, ಆಮೇಲೆ ಚಪ್ಪಾಳೆ, ಆಮೇಲೆ ಗೆಳೆಯ. ಎರಡು ಕೈಯನ್ನೂ ಎದೆಯ ಮೇಲೆ ಕಟ್ಟಿ, ಮೊಣಕಾಲು ಮಡಿಸಿ ಒಂದೊಂದೇ ಕಾಲು ಚಾಚುತ್ತ ಬಂದ. ಅದನ್ನು ಎಲ್ಲಿ ನೋಡಿ ಕಲಿತನೋ ನನಗೆ ಗೊತ್ತಿಲ್ಲ. ಜನ ಕಂಬಳಿಯಿಂದ ಕೈ ಹೊರಗೆ ತೆಗೆದರು. ನಾವು ಮೂವರು ಹಿಂದೆ ಸೊಂಟ ತಿರುಗಿಸುತ್ತ, ಕೆಂಪು ಸುತ್ತುಗಳನ್ನು ಮನಸ್ಸಿನಲ್ಲಿ ಎಣಿಸುತ್ತ ಬಾಯಿ ಆಡಿಸುತ್ತಿದ್ದೆವು. ಎರಡನೇ ಚರಣ ಅರ್ಧಕ್ಕೆ ಬಂದಿರಬೇಕು, ಹಾಡಿನ ದನಿ ದಪ್ಪವಾಯಿತು, ಇನ್ನೂ ದಪ್ಪವಾಗಿ ಎಳೆದುಕೊಂಡು ಹೋಗಿ ನಿಂತೇ ಬಿಟ್ಟಿತು. ಲೈಟೂ ಹೋಯಿತು. ಕರೆಂಟು.

ಅತಿಥಿಗಳ ಮೇಜಿನ ಬಳಿ ಒಂದು ಗ್ಯಾಸ್‌ಲೈಟ್ ಉರಿಯುತ್ತಿತ್ತು. ಅದರ ಬೆಳಕು ಸ್ಟೇಜಿನ ಒಂದು ಮಗ್ಗುಲಿಗೆ ಬೀಳುತ್ತಿತ್ತು. ಆ ಬೆಳಕಿನಲ್ಲಿ ನನಗೆ ಕಂಡದ್ದು ಇಷ್ಟು: ಗೆಳೆಯ ನಿಂತಿಲ್ಲ. ಸದ್ದಿಲ್ಲದ ಹಾಡಿಗೆ ಅವನ ತುಟಿ ಆಡುತ್ತಲೇ ಇದೆ. ಪ ಬಂದಲ್ಲಿ ಮುಚ್ಚುತ್ತಿದೆ, ಬ ಬಂದಲ್ಲಿ ಮುಚ್ಚುತ್ತಿದೆ. ಕಾಲು ಬೀಳುತ್ತಿದೆ. ನಾವೂ ಅವನನ್ನೇ ನೋಡುತ್ತ ಮುಂದುವರಿಸಿದೆವು. ಹಲಗೆಯ ಮೇಲೆ ಎಂಟು ಕಾಲುಗಳ ಸದ್ದು ಬಿಟ್ಟರೆ ಬೇರೇನಿಲ್ಲ. ಆಮೇಲೆ ಹೆಂಗಸರ ಕಡೆಯಿಂದ ಒಂದು ಚಪ್ಪಾಳೆ ಕೇಳಿತು. ಸುಲಿತದ ಜಗಲಿಯ ಗುಂಪು ಅದು. ತಿಂಗಳುಗಟ್ಟಲೆ ರಾತ್ರಿ ಕೇಳಿದ ಹಾಡು, ತಾಳ ಅವರ ಕೈಯಲ್ಲೇ ಇತ್ತು. ಒಂದು ಹತ್ತಾಯಿತು, ಹತ್ತು ಮೈದಾನವಾಯಿತು.

ಎಷ್ಟು ಹೊತ್ತು ಹಾಗೆ ಕುಣಿದೆವೋ ಏನೋ. ನನಗೆ ಕಾಲು ಗಂಟೆ ಅನ್ನಿಸಿದೆ, ಗೆಳೆಯ ಎರಡು ನಿಮಿಷ ಅನ್ನುತ್ತಾನೆ. ಸಾಬರು ಜನರೇಟರಿನ ಹಗ್ಗ ಎಳೆದರು, ಅದು ಕೆಮ್ಮಿ ಹೊತ್ತಿಕೊಂಡಿತು. ಟೇಪು ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಗೊಗ್ಗರು ದನಿಯಲ್ಲಿ ಎದ್ದು ಸರಿಯಾಯಿತು. ನಾವು ಅದಕ್ಕಿಂತ ಒಂದು ಚರಣ ಮುಂದಿದ್ದೆವು. ಗೆಳೆಯ ತಟ್ಟನೆ ಜನರಿಗೆ ಬೆನ್ನು ಮಾಡಿ ಒಂದು ಸುತ್ತು ಹಾಕಿದ, ಹಾಕುತ್ತಲೇ ಕಿವಿಗೊಟ್ಟ, ಪಲ್ಲವಿ ಬಂದ ಕ್ಷಣಕ್ಕೆ ಸರಿಯಾಗಿ ಮುಖ ತಿರುಗಿಸಿದ. ಗಡ್ಡ ಅಲುಗಿರಲಿಲ್ಲ.

ಕೆಳಗಿಳಿದು ಉಪ್ಪಿಟ್ಟಿನ ಎಲೆ ಹಿಡಿದು ಕೂತಾಗ ಡ್ರಿಲ್ ಮೇಷ್ಟ್ರು ಬಂದು, "ಹಾಡೇ ನಿಂತ ಮೇಲೂ ಎಂತಕ್ಕೆ ಕುಣಿತಿದ್ರಾ?" ಅಂತ ಕೇಳಿದರು. ನಮ್ಮ ಹತ್ತಿರ ಉತ್ತರ ಇರಲಿಲ್ಲ. ಉತ್ತರ ಕೊಟ್ಟವರು ಪಕ್ಕದಲ್ಲಿದ್ದ ಅಜ್ಜಿ: "ಭಾಗವತರಿಗೆ ಕೆಮ್ಮು ಬಂತು ಅಂತ ವೇಷ ನಿಲ್ತದಾ ಮಾಷ್ಟ್ರೇ?"

ಅಜ್ಜಿಗೆ ಇದರಲ್ಲಿ ವಿಚಿತ್ರವೇನೂ ಕಂಡಿರಲಿಲ್ಲ. ಆಟದಲ್ಲಿ ಪದ ಹೇಳುವವರು ಭಾಗವತರು, ಅದಕ್ಕೆ ಹೆಜ್ಜೆ ಹಾಕುವುದು ವೇಷ. ಹಾಡು ಅವರದ್ದೂ ಹೌದು, ಇವರದ್ದೂ ಹೌದು. ಸಿನಿಮಾದಲ್ಲೂ ಅದೇ ಅಲ್ಲವೇ? ರಾಜ್‌ಕುಮಾರ್ ಅವರಿಗೆ ಪಿ.ಬಿ. ಶ್ರೀನಿವಾಸ್ ವರ್ಷಗಟ್ಟಲೆ ದನಿಯಾಗಿದ್ದರು. 1974ರ 'ಸಂಪತ್ತಿಗೆ ಸವಾಲ್' ಚಿತ್ರದಲ್ಲಿ ರಾಜ್‌ಕುಮಾರ್ ತಾವೇ ಹಾಡಿ ಆಮೇಲೆ ಹಾಡುತ್ತಲೇ ಹೋದರು. ಹಾಗಂತ ಅದಕ್ಕೆ ಮುಂಚಿನ ಹಾಡುಗಳನ್ನು ಯಾರಾದರೂ ರಾಜ್‌ಕುಮಾರ್ ಅವರದ್ದಲ್ಲ ಅಂದದ್ದುಂಟೇ? ನಾವು ಎರಡು ಹೆಸರನ್ನೂ ಒಟ್ಟಿಗೇ ಹೇಳುತ್ತಿದ್ದೆವು.

ಇದನ್ನು ಯಾಕೆ ಹೇಳುತ್ತೇನೆಂದರೆ, ನಾನು ಕಾಲೇಜಿಗೆ ಹೋಗುವ ಹೊತ್ತಿಗೆ ಮಿಲ್ಲಿ ವನಿಲ್ಲಿ ಅನ್ನುವ ಜೋಡಿಯ ಗಲಾಟೆ ಪತ್ರಿಕೆಯಲ್ಲಿ ಬಂತು. 1990ರಲ್ಲಿ ಅವರಿಗೆ ಗ್ರ್ಯಾಮಿ ಕೊಟ್ಟು, ದನಿ ಅವರದ್ದಲ್ಲ ಅಂತ ತಿಳಿದ ಮೇಲೆ ಅದೇ ವರ್ಷ ವಾಪಸು ಪಡೆದರು. ಅವರನ್ನು ಮುಂದೆ ನಿಲ್ಲಿಸಿದ್ದ ನಿರ್ಮಾಪಕ ಫ್ರಾಂಕ್ ಫಾರಿಯನ್. ಬೋನಿ ಎಂ ಕಟ್ಟಿದವನೂ ಅವನೇ. ಆ ತಂಡದ ರೆಕಾರ್ಡುಗಳಲ್ಲಿ ಕೇಳುವ ಗಂಡುದನಿ ಫಾರಿಯನ್‌ನದ್ದೇ, ಸ್ಟೇಜಿನ ಮೇಲೆ ಅದಕ್ಕೆ ತುಟಿ ಆಡಿಸಿ ಕುಣಿಯುತ್ತಿದ್ದವರು ಬಾಬಿ ಫಾರೆಲ್. ಮೂವರು ಹೆಂಗಸರಲ್ಲಿ ಲಿಜ್ ಮಿಚೆಲ್, ಮಾರ್ಷಿಯಾ ಬ್ಯಾರೆಟ್ ಇಬ್ಬರೇ ರೆಕಾರ್ಡಿಗೆ ಹಾಡಿದವರು. ಮೇಜಿ ವಿಲಿಯಮ್ಸ್ ಅಲ್ಲ. ಅಂದರೆ ಕೊಪ್ಪದ ಕಡೆಯ ಒಂದು ಮೈದಾನದಲ್ಲಿ ಗೆಳೆಯ ಯಾರನ್ನು ನೋಡಿ ಬಾಯಿ ಆಡಿಸಿದನೋ, ಅವರೂ ಬಾಯಿ ಆಡಿಸಿದವರೇ. ಮಿಲ್ಲಿ ವನಿಲ್ಲಿಯವರ ಮೇಲೆ ಜನಕ್ಕೆ ಬಂದ ಸಿಟ್ಟು ನನಗೆ ಅರ್ಥವಾಗುತ್ತದೆ, ಹೇಳದೆ ಮುಚ್ಚಿಟ್ಟಿದ್ದರಲ್ಲ. ಆದರೆ ಬಾಬಿ ಫಾರೆಲ್ ಕುಣಿಯದಿದ್ದರೆ ಆ ಹಾಡು ನಮ್ಮ ಜಗಲಿಯವರೆಗೆ ಬರುತ್ತಿತ್ತು ಅಂತ ನಾನು ನಂಬುವುದಿಲ್ಲ.

ಬಾಬಿ ಫಾರೆಲ್ ತೀರಿಕೊಂಡದ್ದು 2010ರ ಡಿಸೆಂಬರ್ 30ರಂದು, ಕಾರ್ಯಕ್ರಮಕ್ಕೆಂದು ಹೋಗಿದ್ದ ಸೇಂಟ್ ಪೀಟರ್ಸ್‌ಬರ್ಗ್‌ನ ಹೋಟೆಲಿನಲ್ಲಿ. ರಾಸ್ಪುಟಿನ್ ಸತ್ತ ಊರೂ ಅದೇ, ತಾರೀಖೂ ಅದೇ. ಗೆಳೆಯ ಅಂದು ಫೋನ್ ಮಾಡಿದ್ದ. ಈಗ ಅವನದ್ದು ತೀರ್ಥಹಳ್ಳಿ ಕಡೆ ತೋಟ, ಮೊಮ್ಮಗಳು ಆಗಿದ್ದಾಳೆ. ಅವಳಿಗೂ ಕೆಂಪು ಸುತ್ತಿನ ವಿದ್ಯೆ ಹೇಳಿಕೊಡಲು ಕಾಯುತ್ತಿದ್ದಾನೆ. ಅವತ್ತು ಜಗಲಿಯಲ್ಲಿ ಹೆಚ್ಚು ಜನ ಒಪ್ಪಿದ ಸಾಲಿನ ನಿಜವಾದ ಮಾತು ಯಾವುದೆಂದು ಮೊನ್ನೆ ಮೊಬೈಲಿನಲ್ಲಿ ಹುಡುಕಿ ನೋಡಿದನಂತೆ. ನಮ್ಮ ಮೂರು ಪಾಠಗಳಲ್ಲಿ ಒಂದೂ ಅಲ್ಲ. "ಆದ್ರೂ ನಮ್ದೇ ಚೆನ್ನಾಗಿತ್ತು ಮಾರಾಯ, ಅದರಲ್ಲಿ ಎರಡು ಬ ಇತ್ತು" ಅಂದ. ನಾನೂ ಹೌದು ಅಂದೆ.